ಆದೇಶ ಯಾರೂ ಕೊಟ್ಟಿಲ್ಲ, ದಾಳಿ ಮಾತ್ರ ನಡೆಯಿತು: ಬ್ರಿಟನ್ನಿನ ಮನೆಯೊಳಗಿನ ಉಗ್ರವಾದಕ್ಕೂ ಜಗತ್ತಿನ ಜಾಲಗಳಿಗೂ ಏನು ನಂಟು?

2025ರ ಅಕ್ಟೋಬರ್ 2. ಯಹೂದಿಗಳಿಗೆ ವರ್ಷದಲ್ಲೇ ಅತಿ ಪವಿತ್ರವಾದ ಯೋಮ್ ಕಿಪ್ಪೂರ್ ದಿನ. ಮ್ಯಾಂಚೆಸ್ಟರಿನಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಾದ ಹೀಟನ್ ಪಾರ್ಕ್ ಸಿನಗಾಗ್‌ನ ಹೊರಗೆ ಒಬ್ಬ ಜನರ ಮೇಲೆ ಕಾರು ನುಗ್ಗಿಸಿದ. ಆಮೇಲೆ ಚಾಕು ಹಿಡಿದು ಕೆಳಗಿಳಿದ. ಇಬ್ಬರು ಸತ್ತರು. ಅವರಲ್ಲಿ ಒಬ್ಬರಿಗೆ ತಗುಲಿದ್ದು ದಾಳಿಕೋರನನ್ನು ತಡೆಯಲು ಪೊಲೀಸರೇ ಹಾರಿಸಿದ ಗುಂಡು. ದಾಳಿಕೋರ ಜಿಹಾದ್ ಅಲ್-ಶಾಮಿ ಅಲ್ಲೇ ಪೊಲೀಸರ ಗುಂಡಿಗೆ ಬಲಿಯಾದ. ವಯಸ್ಸು 35. ಸಿರಿಯಾದಿಂದ ಚಿಕ್ಕ ಮಗುವಾಗಿ ಬಂದವನು, 2006ರಿಂದ ಬ್ರಿಟಿಷ್ ಪ್ರಜೆ.

ಕೆಲವೇ ದಿನಗಳಲ್ಲಿ ಪೊಲೀಸರು ಇನ್ನೊಂದು ವಿಷಯ ಹೇಳಿದರು. ದಾಳಿಯ ಶುರುವಿನಲ್ಲೇ ತುರ್ತು ಸಂಖ್ಯೆ 999ಕ್ಕೆ ಒಂದು ಕರೆ ಬಂದಿತ್ತು. ಇದನ್ನು ಮಾಡಿದ್ದು ತಾನೇ, ತನ್ನ ನಿಷ್ಠೆ ಇಸ್ಲಾಮಿಕ್ ಸ್ಟೇಟ್‌ಗೆ ಎಂದು ಆ ಕರೆಯಲ್ಲಿ ಹೇಳಲಾಗಿತ್ತು.

ಸುದ್ದಿ ಓದಿದವರಿಗೆ ತಲೆ ಕೆಡುವುದು ಇಲ್ಲೇ. ಉಗ್ರವಾದ ನಿಗ್ರಹ ಪೊಲೀಸರ ಕಣ್ಣಿಗೆ ಈತ ಮೊದಲು ಬಿದ್ದಿರಲೇ ಇಲ್ಲ. ಹಾಗಿದ್ದರೂ ಇದು ಇಸ್ಲಾಮಿಕ್ ಸ್ಟೇಟ್, ಅಂದರೆ ಐಸಿಸ್ ದಾಳಿಯೇ? ಇನ್ನೊಂದು ಕಡೆ 2024ರ ಜುಲೈನಲ್ಲಿ ಸೌತ್‌ಪೋರ್ಟ್‌ನ ಡ್ಯಾನ್ಸ್ ಕ್ಲಾಸಿನಲ್ಲಿ ಮೂವರು ಪುಟ್ಟ ಹುಡುಗಿಯರನ್ನು ಕೊಂದ 17ರ ಹುಡುಗನ ಬಳಿ ಅಲ್ ಖೈದಾದ ತರಬೇತಿ ಕೈಪಿಡಿಯೇ ಸಿಕ್ಕಿತ್ತು. ಆದರೂ ಆ ಕೊಲೆಗಳನ್ನು ಕಾನೂನು ಭಯೋತ್ಪಾದನೆ ಎಂದು ಕರೆಯಲಿಲ್ಲ. ಒಬ್ಬನ ಬಳಿ ಪುಸ್ತಕ ಸಿಕ್ಕರೂ ಅಲ್ಲ, ಇನ್ನೊಬ್ಬನದು ಬರೀ ಒಂದು ಫೋನ್ ಕರೆಯಾದರೂ ಹೌದು. ಇದೆಂಥ ಲೆಕ್ಕ?

ಉತ್ತರ ಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಹೊರಗಿನ ಸಂಘಟನೆಗೂ ಒಳಗಿನ ದಾಳಿಕೋರನಿಗೂ ಇರುವ ಕೊಂಡಿ ಈ ಅವಧಿಯಲ್ಲಿ ಪೂರ್ತಿ ಬದಲಾಗಿದೆ. ಕಾನೂನು, ಗುಪ್ತಚರ, ಟೀವಿ ಚರ್ಚೆ ಎಲ್ಲವೂ ಇನ್ನೂ ಹಳೆಯ ಕೊಂಡಿಯನ್ನೇ ಹುಡುಕುತ್ತಿವೆ.

ಕ್ಯಾಂಪಿಗೆ ಹೋಗಿ ಬಂದವರ ಕಾಲ

1990ರ ದಶಕದ ಲಂಡನ್ ಬೇರೆಯೇ ಆಗಿತ್ತು. ಅರಬ್ ದೇಶಗಳಿಂದ ತಪ್ಪಿಸಿಕೊಂಡು ಬಂದ ಅನೇಕ ಉಗ್ರ ಬೋಧಕರು ಅಲ್ಲಿ ನೆಲೆ ಕಂಡುಕೊಂಡಿದ್ದರು. ಫಿನ್ಸ್‌ಬರಿ ಪಾರ್ಕ್ ಮಸೀದಿಯಲ್ಲಿ ಅಬು ಹಮ್ಜಾ ಬಹಿರಂಗವಾಗಿಯೇ ಭಾಷಣ ಮಾಡುತ್ತಿದ್ದ. ಒಮರ್ ಬಕ್ರಿ ಮೊಹಮ್ಮದ್ ಕಟ್ಟಿದ ಅಲ್-ಮುಹಾಜಿರೂನ್ ಕಾಲೇಜುಗಳ ಹೊರಗೆ ಕರಪತ್ರ ಹಂಚುತ್ತಿತ್ತು. ಅಧಿಕಾರಿಗಳು ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಇವರ ಸಿಟ್ಟೆಲ್ಲ ಅವರವರ ದೇಶದ ಸರ್ಕಾರಗಳ ಮೇಲೆ, ನಮಗೇನು ಎಂಬ ಧೋರಣೆ ಇತ್ತು.

ಆ ಧೋರಣೆಗೆ ದೊಡ್ಡ ಪೆಟ್ಟು ಬಿದ್ದಿದ್ದು 2005ರ ಜುಲೈ 7ರಂದು. ಲಂಡನ್ನಿನ ಮೂರು ಸುರಂಗ ರೈಲುಗಳಲ್ಲಿ, ಒಂದು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತರು. ಬಾಂಬರ್‌ಗಳು ನಾಲ್ವರು. ಅವರ ಮುಂದಾಳು ಮೊಹಮ್ಮದ್ ಸಿದ್ದಿಕ್ ಖಾನ್ ಹುಟ್ಟಿದ್ದು ಲೀಡ್ಸ್‌ನಲ್ಲಿ. ಅಲ್ಲಿನ ಪ್ರಾಥಮಿಕ ಶಾಲೆಯೊಂದರಲ್ಲಿ ಹಿಂದುಳಿದ ಮಕ್ಕಳಿಗೆ ನೆರವಾಗುವ ಕೆಲಸ ಮಾಡುತ್ತಿದ್ದ. ಹೊರಗಿನವರು ಬಂದು ಮಾಡುವ ದಾಳಿಗೆ ತಯಾರಾಗಿದ್ದ ದೇಶಕ್ಕೆ ಇದು ಅರಗಲಿಲ್ಲ.

ಆದರೆ ಆಗಿನ ಕೊಂಡಿ ಕಣ್ಣಿಗೆ ಕಾಣುವಂಥದ್ದು. ಖಾನ್ ಮತ್ತು ಶೆಹಜಾದ್ ತನ್ವೀರ್ 2004ರ ಕೊನೆಯಲ್ಲಿ ಪಾಕಿಸ್ತಾನಕ್ಕೆ ಹೋಗಿದ್ದರು. ಅಲ್ಲಿ ತರಬೇತಿ ಪಡೆದರು, ವಾಪಸ್ ಬಂದ ಕೆಲವೇ ತಿಂಗಳಲ್ಲಿ ದಾಳಿ ಮಾಡಿದರು. ಖಾನ್ ಸತ್ತ ಮೇಲೆ ಅವನ ವಿಡಿಯೋ ಅಲ್ ಜಜೀರಾದಲ್ಲಿ ಬಂತು. ಅದರ ಜೊತೆಗೆ ಅಲ್ ಖೈದಾದ ಎರಡನೇ ನಾಯಕ ಅಯ್ಮನ್ ಅಲ್-ಜವಾಹಿರಿಯ ಮಾತೂ ಇತ್ತು. ಟಿಕೆಟ್, ಪಾಸ್‌ಪೋರ್ಟ್, ಕ್ಯಾಂಪು, ಕ್ಯಾಮೆರಾ, ಎಲ್ಲದರಲ್ಲೂ ಹೆಜ್ಜೆ ಗುರುತು ಉಳಿದಿತ್ತು.

ಹೆಜ್ಜೆ ಗುರುತು ಇದ್ದರೆ ಹಿಡಿಯಬಹುದು. ನಿಜಕ್ಕೂ 2004ರಲ್ಲೇ ಇವರಿಬ್ಬರೂ ಬ್ರಿಟನ್ನಿನ ಆಂತರಿಕ ಗುಪ್ತಚರ ಸಂಸ್ಥೆ ಎಂಐ5 ಕಣ್ಣಿಗೆ ಬಿದ್ದಿದ್ದರು. ಬೇರೊಂದು ಬಾಂಬ್ ಸಂಚಿನ ಆರೋಪಿಗಳನ್ನು ಹಿಂಬಾಲಿಸುವಾಗ ಆ ಗುಂಪಿನ ಜೊತೆ ಕಾಣಿಸಿಕೊಂಡಿದ್ದರು. ಇವರು ಅಷ್ಟು ಮುಖ್ಯರಲ್ಲ ಎಂದು ಬಿಟ್ಟರು, ಅದು ತಪ್ಪಾಯಿತು. ಆದರೆ ಗಮನಿಸಿ, ಕಾಣಿಸಿದ್ದಂತೂ ಹೌದು. ಸಂಘಟನೆಯ ಜೊತೆ ಕೆಲಸ ಮಾಡಬೇಕಾದರೆ ಯಾರನ್ನಾದರೂ ಭೇಟಿಯಾಗಬೇಕು. ಭೇಟಿಯಾದರೆ ಯಾರಾದರೂ ನೋಡುತ್ತಾರೆ.

ಗ್ಲಾಸ್ಗೋದಿಂದ ಬೆಂಗಳೂರಿಗೆ

ಎರಡು ವರ್ಷದ ನಂತರ ಈ ಕಥೆಯಲ್ಲಿ ಕರ್ನಾಟಕದ ಹೆಸರೂ ಬಂತು. 2007ರ ಜೂನ್ 30ರಂದು ಉರಿಯುವ ಜೀಪೊಂದು ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ನುಗ್ಗಿತು. ಓಡಿಸುತ್ತಿದ್ದವನು ಬೆಂಗಳೂರಿನ ಕಫೀಲ್ ಅಹ್ಮದ್. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಬೆಲ್‌ಫಾಸ್ಟ್‌ನಲ್ಲಿ ಮುಂದಿನ ಓದು ಮುಗಿಸಿ, ಇಂಗ್ಲೆಂಡಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದವನು. ಪಕ್ಕದಲ್ಲಿ ಕೂತಿದ್ದವನು ಡಾಕ್ಟರ್ ಬಿಲಾಲ್ ಅಬ್ದುಲ್ಲಾ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದಿದ್ದು ಬಾಗ್ದಾದಿನಲ್ಲಿ. ಇರಾಕ್ ಯುದ್ಧದ ಸಿಟ್ಟು ಅವನ ತಲೆ ತುಂಬಿತ್ತು. ಸುಟ್ಟ ಗಾಯಗಳಿಂದ ಕಫೀಲ್ ಒಂದು ತಿಂಗಳ ನಂತರ ಸತ್ತ. ಅಬ್ದುಲ್ಲಾಗೆ ಜೀವಾವಧಿ ಆಯಿತು.

ಈ ಪ್ರಕರಣದ ಇನ್ನೊಂದು ಎಳೆ ನಮ್ಮಲ್ಲಿ ಜಾಸ್ತಿ ಚರ್ಚೆಯಾಗಿತ್ತು. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ಡಾ. ಮೊಹಮ್ಮದ್ ಹನೀಫ್ ಕರ್ನಾಟಕದವರು, ಕಫೀಲ್‌ಗೆ ಸಂಬಂಧಿ. ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಕೊಟ್ಟು ಬಂದಿದ್ದರು. ಹೆಣ್ಣು ಮಗು ಹುಟ್ಟಿತ್ತು, ನೋಡಲು ಬೆಂಗಳೂರಿಗೆ ಹೊರಟವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹಿಡಿದರು. ಆರೋಪವನ್ನೇ ಹೊರಿಸದೆ 12 ದಿನ ಇಟ್ಟುಕೊಂಡರು. ಸಿಮ್ ಉರಿದ ಜೀಪಿನಲ್ಲಿ ಸಿಕ್ಕಿತು ಎಂದು ಸರ್ಕಾರಿ ವಕೀಲರು ಕೋರ್ಟಿನಲ್ಲಿ ಹೇಳಿದರು. ನಿಜವಾಗಿ ಅದು ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ, ಗ್ಲಾಸ್ಗೋದಿಂದ ನೂರಾರು ಕಿಲೋಮೀಟರ್ ದೂರ. ಅದೇ ತಿಂಗಳು ಆರೋಪ ಬಿದ್ದುಹೋಯಿತು. ಮರುವರ್ಷ ವಿಚಾರಣಾ ಆಯೋಗವೂ ಅವರ ವಿರುದ್ಧ ಸಾಕ್ಷ್ಯ ಇಲ್ಲ ಎಂದಿತು. 2010ರಲ್ಲಿ ಪರಿಹಾರ ಸಿಕ್ಕಿತು.

ಸುಮ್ನೆ ಈ ಪ್ರಸಂಗ ಹೇಳುತ್ತಿಲ್ಲ. ದಾಳಿ ಆದ ಮೇಲೆ ಸರ್ಕಾರಗಳು ಮೊದಲು ಕೇಳುವುದು 'ಇವನ ಹಿಂದೆ ಯಾರಿದ್ದಾರೆ' ಎಂದು. ಕೊಂಡಿ ಇರಲೇಬೇಕು ಎಂದು ಹುಡುಕಲು ಹೊರಟರೆ ನೆಂಟಸ್ತನವೂ ಕೊಂಡಿಯಾಗಿ ಕಾಣುತ್ತದೆ, ಹಳೆಯ ಸಿಮ್ಮೂ ಕಾಣುತ್ತದೆ. ಕೊಂಡಿಯೇ ಇಲ್ಲದ ದಾಳಿಗಳ ಕಾಲದಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಭಾಷಣ ಕೇಳಿ ಚಾಕು ಹಿಡಿದಾಕೆ

ಬದಲಾವಣೆ ಎಲ್ಲಿಂದ ಶುರುವಾಯಿತು ಎಂದು ಒಂದೇ ಪ್ರಕರಣ ಹೇಳಬೇಕಾದರೆ 2010ರ ಮೇ 14 ಹೇಳಬಹುದು. ಪೂರ್ವ ಲಂಡನ್ನಿನ ಬೆಕ್ಟನ್‌ನಲ್ಲಿ ಸಂಸದ ಸ್ಟೀಫನ್ ಟಿಮ್ಸ್ ಎಂದಿನಂತೆ ಕ್ಷೇತ್ರದ ಜನರ ಅಹವಾಲು ಕೇಳುತ್ತಿದ್ದರು. 21ರ ರೋಶನಾರಾ ಚೌಧುರಿ ಹತ್ತಿರ ಬಂದಳು. ಕೈ ಕುಲುಕುತ್ತಾಳೆ ಎಂದುಕೊಂಡು ಅವರು ಮುಂದೆ ಬಂದರು. ಆಕೆ ಹೊಟ್ಟೆಗೆ ಚಾಕು ಹಾಕಿದಳು. ಟಿಮ್ಸ್ ಬದುಕಿದರು, ಈಗಲೂ ರಾಜಕೀಯದಲ್ಲಿದ್ದಾರೆ.

ಚೌಧುರಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದ ಜಾಣ ಹುಡುಗಿ, ಕೊನೆಯ ವರ್ಷ ಓದು ಬಿಟ್ಟಿದ್ದಳು. ಯಾವ ಕ್ಯಾಂಪಿಗೂ ಹೋದವಳಲ್ಲ, ಯಾವ ಗುಂಪಿಗೂ ಸೇರಿದವಳಲ್ಲ. ಮನೆಯವರಿಗೂ ಸುಳಿವಿರಲಿಲ್ಲ. ಆಕೆ ಮಾಡಿದ್ದು ಒಂದೇ: ಅನ್ವರ್ ಅಲ್-ಅವ್ಲಾಕಿಯ ಭಾಷಣಗಳನ್ನು ಗಂಟೆಗಟ್ಟಲೆ ಕೇಳಿದ್ದು. ಟಿಮ್ಸ್ ಇರಾಕ್ ಯುದ್ಧದ ಪರ ಮತ ಹಾಕಿದ್ದರು, ಅದಕ್ಕೆ ಶಿಕ್ಷೆ ಕೊಟ್ಟೆ ಎಂದು ಪೊಲೀಸರಿಗೆ ತಣ್ಣಗೆ ಹೇಳಿದಳು.

ಅವ್ಲಾಕಿ ಹುಟ್ಟಿದ್ದು ಅಮೆರಿಕದಲ್ಲಿ. ಇಂಗ್ಲಿಷ್ ಸಲೀಸು. ಯೆಮೆನ್‌ನಲ್ಲಿ ಕೂತು ಪಶ್ಚಿಮದ ಯುವಕರಿಗೆ ಅವರದೇ ಭಾಷೆಯಲ್ಲಿ, ಅವರದೇ ಧಾಟಿಯಲ್ಲಿ ಮಾತಾಡುತ್ತಿದ್ದ. ಅರಬಿ ಬಾರದವರಿಗೆ ಇದೇ ದೊಡ್ಡ ಬಾಗಿಲು. 2011ರಲ್ಲಿ ಅಮೆರಿಕದ ಡ್ರೋನ್ ಅವನನ್ನು ಕೊಂದಿತು. ಭಾಷಣಗಳು ಉಳಿದವು.

ಕಾರ್ಯ ಕಾರಣ ನೋಡಿ. ಮೊದಲು ಸಂಘಟನೆ ಆಳು ಹುಡುಕುತ್ತಿತ್ತು, ತರಬೇತಿ ಕೊಡುತ್ತಿತ್ತು, ಕಳಿಸುತ್ತಿತ್ತು. ಅದಕ್ಕೆ ದುಡ್ಡು ಬೇಕು, ಜಾಗ ಬೇಕು, ಸಿಕ್ಕಿಬೀಳುವ ಭಯ ಬೇರೆ. ಈಗ ಮಾತು ಮಾತ್ರ ಹೊರಗಿಟ್ಟರೆ ಸಾಕು. ಕೇಳಿದ ಲಕ್ಷಾಂತರ ಜನರಲ್ಲಿ ಒಬ್ಬರು ಎದ್ದರೂ ಲಾಭವೇ. ಎದ್ದವರು ಯಾರೆಂದು ಸಂಘಟನೆಗೂ ಗೊತ್ತಿರುವುದಿಲ್ಲ, ಪೊಲೀಸರಿಗೂ ಗೊತ್ತಿರುವುದಿಲ್ಲ.

ಜಾಲಹಳ್ಳಿಯ ಅಕೌಂಟು

ಈ ಪದ್ಧತಿಯನ್ನು ದೊಡ್ಡ ಮಟ್ಟಕ್ಕೆ ಒಯ್ದಿದ್ದು ಇಸ್ಲಾಮಿಕ್ ಸ್ಟೇಟ್ (ಐಎಸ್). 2014ರ ಜೂನ್‌ನಲ್ಲಿ ಖಿಲಾಫತ್ (ಖಲೀಫನ ಆಳ್ವಿಕೆಯ ಇಸ್ಲಾಮಿಕ್ ರಾಜ್ಯ) ಘೋಷಣೆಯಾದ ಮೇಲೆ ಮೊದಲ ಕರೆ 'ಇಲ್ಲಿಗೆ ಬನ್ನಿ' ಎಂದಿತ್ತು. ಬ್ರಿಟನ್ನಿನಿಂದ ಸಿರಿಯಾ, ಇರಾಕ್ ಕಡೆಗೆ ಹೋದವರು ಸರ್ಕಾರದ ಲೆಕ್ಕದಲ್ಲೇ ಸುಮಾರು 900 ಜನ. 2015ರ ಫೆಬ್ರವರಿಯಲ್ಲಿ ಪೂರ್ವ ಲಂಡನ್ನಿನ ಮೂವರು ಶಾಲಾ ಹುಡುಗಿಯರು ಮನೆಯಲ್ಲಿ ಹೇಳದೆ ಕೇಳದೆ ವಿಮಾನ ಹತ್ತಿದಾಗ ಇಡೀ ದೇಶ ಬೆಚ್ಚಿತು.

ಇವರಿಗೆಲ್ಲ ಸುದ್ದಿ, ಉತ್ಸಾಹ, ವಾದ ಎಲ್ಲಿಂದ ಬರುತ್ತಿತ್ತು? ಎಲ್ಲವೂ ಸಿರಿಯಾದಲ್ಲಿದ್ದ ಐಎಸ್ ರಾಜಧಾನಿ ರಕ್ಕಾದಿಂದ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಆಗ ಟ್ವಿಟರ್‌ನಲ್ಲಿ ಐಎಸ್ ಬೆಂಬಲಿಗರ ನಡುವೆ ಅತಿ ಹೆಸರು ಮಾಡಿದ್ದ ಅಕೌಂಟುಗಳಲ್ಲೊಂದು 'ಶಾಮಿ ವಿಟ್ನೆಸ್'. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಟ್ವಿಟರಿನಲ್ಲಿದ್ದ ವಿದೇಶಿ ಹೋರಾಟಗಾರರನ್ನು ಲೆಕ್ಕ ಹಾಕಿದಾಗ ಮೂರರಲ್ಲಿ ಎರಡರಷ್ಟು ಮಂದಿ ಈ ಅಕೌಂಟನ್ನು ಹಿಂಬಾಲಿಸುತ್ತಿದ್ದರು. 2014ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಚಾನೆಲ್ 4 ಅದರ ಹಿಂದಿನ ಮನುಷ್ಯನನ್ನು ಪತ್ತೆ ಮಾಡಿತು. ಆತ ಇದ್ದಿದ್ದು ಬೆಂಗಳೂರಿನ ಜಾಲಹಳ್ಳಿಯ ಬಾಡಿಗೆ ಕೋಣೆಯಲ್ಲಿ. 24 ವರ್ಷದ ಎಂಜಿನಿಯರ್. ಹಗಲು ಕಂಪನಿ ಕೆಲಸ, ರಾತ್ರಿ ಟ್ವೀಟು. ಸಿರಿಯಾ ಕಂಡವನೇ ಅಲ್ಲ. ಎರಡು ದಿನದಲ್ಲಿ ಬೆಂಗಳೂರು ಪೊಲೀಸರು ಬಂಧಿಸಿದರು.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. 'ಜಾಗತಿಕ ಜಾಲ' ಎಂದ ಕೂಡಲೇ ನಮ್ಮ ತಲೆಯಲ್ಲಿ ಮೇಲಿಂದ ಕೆಳಗೆ ಆದೇಶ ಇಳಿಯುವ ಚಿತ್ರ ಬರುತ್ತದೆ. ಜಾಲ ಹಾಗಿರಲಿಲ್ಲ. ಬರ್ಮಿಂಗ್‌ಹ್ಯಾಮಿನ ಹುಡುಗ, ಜಾಲಹಳ್ಳಿಯ ಎಂಜಿನಿಯರ್, ರಕ್ಕಾದ ಹೋರಾಟಗಾರ ಒಂದೇ ಪರದೆಯಲ್ಲಿ ಸಮಸಮನಾಗಿ ಕೂತಿದ್ದರು. ಯಾರೂ ಯಾರನ್ನೂ ನೇಮಿಸಿರಲಿಲ್ಲ.

2014ರ ಸೆಪ್ಟೆಂಬರ್‌ನಲ್ಲಿ ಐಎಸ್ ವಕ್ತಾರ ಅಬು ಮೊಹಮ್ಮದ್ ಅಲ್-ಅದ್ನಾನಿಯ ಕರೆ ಬದಲಾಯಿತು. ಬರಲಾಗದವರು ಇದ್ದಲ್ಲೇ, ಕೈಗೆ ಸಿಕ್ಕಿದ್ದರಲ್ಲೇ ಕೊಲ್ಲಿ, ಯಾರನ್ನೂ ಕೇಳಬೇಕಿಲ್ಲ ಎಂದ. ಒಂದು ಹೋಟೆಲಿನವರು ತಮ್ಮ ಬೋರ್ಡನ್ನು ಯಾರು ಬೇಕಾದರೂ ತೂಗುಹಾಕಿಕೊಳ್ಳಿ, ಬಾಡಿಗೆಯೂ ಬೇಡ, ಅಡುಗೆ ಹೇಗಿದ್ದರೂ ಪರವಾಗಿಲ್ಲ ಎಂದ ಹಾಗಾಯಿತು. ಬೋರ್ಡ್ ಹಾಕಿಕೊಂಡವನಿಗೆ ಹೆಸರು, ಹೋಟೆಲಿಗೆ ಪ್ರಚಾರ.

2017ರಲ್ಲಿ ಬ್ರಿಟನ್ ಇದರ ಫಲ ಉಂಡಿತು. ಮಾರ್ಚ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್, ಮೇನಲ್ಲಿ ಮ್ಯಾಂಚೆಸ್ಟರ್ ಅರೀನಾ, ಜೂನ್‌ನಲ್ಲಿ ಲಂಡನ್ ಬ್ರಿಡ್ಜ್. ಮೂರನ್ನೂ ಐಎಸ್ ತನ್ನದೆಂದು ಹೇಳಿಕೊಂಡಿತು. ಆದರೆ ಮೂರೂ ಒಂದೇ ಬಗೆಯವಲ್ಲ. 22 ಜನರನ್ನು ಕೊಂದ ಅರೀನಾ ಬಾಂಬರ್ ಸಲ್ಮಾನ್ ಅಬೇದಿ ದಾಳಿಗೆ ಕೆಲವೇ ದಿನ ಮುಂಚೆ ಲಿಬಿಯಾದಿಂದ ಬಂದಿದ್ದ, ಹಳೆಯ ಮಾದರಿಯ ಕೊಂಡಿ ಸ್ವಲ್ಪವಾದರೂ ಇತ್ತು. ವೆಸ್ಟ್‌ಮಿನ್‌ಸ್ಟರ್ ದಾಳಿಕೋರ ಖಾಲಿದ್ ಮಸೂದ್‌ಗೆ 52 ವರ್ಷ. ಐಎಸ್ ಜೊತೆ ಸಂಪರ್ಕಕ್ಕೆ ಪೊಲೀಸರಿಗೆ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಹೊಡೆದಾಟದ ಇತಿಹಾಸ: 2000ರಲ್ಲೇ ಒಬ್ಬನ ಮುಖಕ್ಕೆ ಚಾಕು ಹಾಕಿ ಜೈಲಿಗೆ ಹೋಗಿದ್ದ.

ಬಲಪಂಥೀಯ ಉಗ್ರವಾದದ ದಾರಿಯೂ ಇದೇ

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತೆ. 2024ರ ಅಕ್ಟೋಬರ್‌ನಲ್ಲಿ ಎಂಐ5 ಮುಖ್ಯಸ್ಥ ಕೆನ್ ಮೆಕ್ಯಾಲಮ್ ಕೊಟ್ಟ ಲೆಕ್ಕದಲ್ಲಿ ಅವರ ಉಗ್ರವಾದ ನಿಗ್ರಹ ಕೆಲಸದ ಮುಕ್ಕಾಲು ಪಾಲು ಇಸ್ಲಾಮಿಸ್ಟ್ ಉಗ್ರವಾದದ್ದು, ಕಾಲು ಪಾಲು ತೀವ್ರ ಬಲಪಂಥದ್ದು. ಈ ಕಾಲು ಪಾಲಿನವರು ಸ್ವದೇಶಿಗಳು, ಹೊರಗಿನ ನಂಟಿಲ್ಲದವರು ಎಂದು ತುಂಬಾ ಜನ ನಂಬಿದ್ದಾರೆ. ಹಾಗೇನೂ ಇಲ್ಲ.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನು ಆಸ್ಟ್ರೇಲಿಯಾದವನು. ಮಾದರಿಯಾಗಿ ಇಟ್ಟುಕೊಂಡಿದ್ದು 2011ರಲ್ಲಿ 77 ಜನರನ್ನು ಕೊಂದ ನಾರ್ವೆಯ ಬ್ರೇವಿಕ್‌ನನ್ನು. ಬಿಳಿಯರ ಜಾಗಕ್ಕೆ ಬೇರೆಯವರನ್ನು ತಂದು ತುಂಬುತ್ತಿದ್ದಾರೆ ಎಂಬ ಅವನ ವಾದ ಬಂದಿದ್ದು ಫ್ರಾನ್ಸಿನಿಂದ. ಅವನ ಮದ್ದುಗುಂಡಿನ ಮೇಲೆ ಬರೆದಿದ್ದ ಹೆಸರುಗಳಲ್ಲಿ ಒಂದು ರಾದರಮ್. ಅದು ಇಂಗ್ಲೆಂಡಿನ ಊರು, ಹುಡುಗಿಯರ ಮೇಲೆ ವರ್ಷಗಟ್ಟಲೆ ನಡೆದ ಲೈಂಗಿಕ ದೌರ್ಜನ್ಯ ಹೊರಬಿದ್ದ ಊರು. ಬ್ರಿಟನ್ನಿನ ಒಂದು ನಿಜವಾದ ನೋವು ಹೀಗೆ ಜಗತ್ತಿನ ಇನ್ನೊಂದು ತುದಿಯ ಕೊಲೆಗಾರನಿಗೆ ನೆಪವಾಯಿತು.

ಅದು ವಾಪಸ್ಸೂ ಬಂತು. ಮರುದಿನವೇ ಲಂಡನ್ ಪಕ್ಕದ ಸ್ಟ್ಯಾನ್‌ವೆಲ್‌ನಲ್ಲಿ 50 ವರ್ಷದವನೊಬ್ಬ ಕ್ರೈಸ್ಟ್‌ಚರ್ಚ್ ದಾಳಿಯನ್ನು ಮೆಚ್ಚಿ ಫೇಸ್‌ಬುಕ್‌ನಲ್ಲಿ ಬರೆದು, ಚಾಕು ಹಿಡಿದು ಹೊರಟ. ಕಾರಿನಲ್ಲಿದ್ದ ಬಲ್ಗೇರಿಯಾದ 19ರ ಹುಡುಗನಿಗೆ ಇರಿದ. ಹುಡುಗ ಬದುಕಿದ. ಇದು ಭಯೋತ್ಪಾದನಾ ಕೃತ್ಯವೇ ಎಂದು ನ್ಯಾಯಾಧೀಶರು ತೀರ್ಪು ಕೊಟ್ಟರು. ಆದೇಶ ಕೊಡಲು ಇಲ್ಲಿ ಸಂಘಟನೆಯೇ ಇರಲಿಲ್ಲ ನೋಡಿ. ಇದ್ದಿದ್ದು ನೇರ ಪ್ರಸಾರದ ಒಂದು ವಿಡಿಯೋ. ಮೊದಲ 24 ಗಂಟೆಯಲ್ಲಿ ಫೇಸ್‌ಬುಕ್ ಅದರ 15 ಲಕ್ಷ ಪ್ರತಿಗಳನ್ನು ತೆಗೆಯಬೇಕಾಯಿತು.

ಒಂದು ಬಗೆಯ ಉಗ್ರವಾದ ಇನ್ನೊಂದಕ್ಕೆ ಮೇವು ಹಾಕುತ್ತದೆ ಎಂಬುದೂ ನಿಜ. 2017ರಲ್ಲಿ ಫಿನ್ಸ್‌ಬರಿ ಪಾರ್ಕ್ ಮಸೀದಿ ಬಳಿ ವ್ಯಾನ್ ನುಗ್ಗಿಸಿ ಒಬ್ಬರನ್ನು ಕೊಂದ ಡ್ಯಾರನ್ ಆಸ್ಬೋರ್ನ್ ಕೆಲವೇ ವಾರಗಳಲ್ಲಿ ಬದಲಾದವನು. ಕೆಲಸ ಇರಲಿಲ್ಲ, ಕುಡಿತ ಇತ್ತು. ಟೀವಿ ಧಾರಾವಾಹಿಯೊಂದು, ಆಮೇಲೆ ಬಲಪಂಥೀಯರ ಪೋಸ್ಟುಗಳು, ಜೊತೆಗೆ ಮ್ಯಾಂಚೆಸ್ಟರ್ ಮತ್ತು ಲಂಡನ್ ಬ್ರಿಡ್ಜ್ ಸುದ್ದಿ. ಅಷ್ಟು ಸಾಕಾಯಿತು. 2025ರಲ್ಲೂ ಸಿನಗಾಗ್ ದಾಳಿಯಾದ ಎರಡೇ ದಿನಕ್ಕೆ ಪೀಸ್‌ಹೇವನ್‌ನ ಮಸೀದಿಗೆ ಬೆಂಕಿ ಬಿತ್ತು.

ಸಿಟ್ಟು ಮೊದಲೋ, ಸಿದ್ಧಾಂತ ಮೊದಲೋ

ಈಗ ವಾದಕ್ಕೆ ಬರೋಣ. ಇಲ್ಲಿ ಮುಖ್ಯವಾಗಿ ಮೂರು ಪಕ್ಷಗಳಿವೆ.

ಸಿದ್ಧಾಂತವೇ ಮೂಲ ಎನ್ನುವವರ ವಾದ ನೇರ. ಬಡತನ, ಒಂಟಿತನ, ತಾರತಮ್ಯ ಕೋಟ್ಯಂತರ ಜನರಿಗಿದೆ, ಅವರೆಲ್ಲ ಚಾಕು ಹಿಡಿಯುವುದಿಲ್ಲ. ಹಿಡಿಯುವಂತೆ ಮಾಡುವುದು ವಿಚಾರ. ಉಗ್ರವಾದ ತಡೆ ಕಾರ್ಯಕ್ರಮವನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ವಿಲಿಯಂ ಶಾಕ್ರಾಸ್ ಅವರ ವರದಿ 2023ರಲ್ಲಿ ಬಂತು, ಅದು ಇದೇ ಧಾಟಿಯದು. ತಡೆ ಕಾರ್ಯಕ್ರಮಗಳು ಇಸ್ಲಾಮಿಸ್ಟ್ ಸಿದ್ಧಾಂತವನ್ನು ಎದುರಿಸುವುದು ಬಿಟ್ಟು ಎಲ್ಲರನ್ನೂ ರೋಗಿಗಳಂತೆ ನೋಡುತ್ತಿವೆ ಎಂದು ಅದು ದೂರಿತು.

ಎರಡನೆಯವರು ಇದನ್ನು ತಿರುಗಿಸುತ್ತಾರೆ. ಮಸೂದ್, ಆಸ್ಬೋರ್ನ್‌ನಂಥವರನ್ನು ನೋಡಿ ಎನ್ನುತ್ತಾರೆ. ಹಿಂಸೆಯೋ ಹತಾಶೆಯೋ ಮೊದಲೇ ಇತ್ತು, ಸಿದ್ಧಾಂತ ಆಮೇಲೆ ಹಾಕಿಕೊಂಡ ಅಂಗಿ. ಮಾನಸಿಕ ಆರೋಗ್ಯ, ಕುಟುಂಬ, ಶಾಲೆ ಇಲ್ಲಿ ಕೆಲಸ ಮಾಡದೆ ಬರೀ ಧರ್ಮದ ವಾದ ಮಾಡಿದರೆ ಪ್ರಯೋಜನ ಇಲ್ಲ.

ಮೂರನೆಯದು ಬ್ರಿಟನ್ನಿನ ಯುದ್ಧಗಳು, ವಿದೇಶಾಂಗ ನೀತಿಯೇ ಕಾರಣ ಎನ್ನುವ ಪಕ್ಷ. ಸಿದ್ದಿಕ್ ಖಾನ್ ವಿಡಿಯೋದಲ್ಲಿ ಹೇಳಿದ್ದು ಅದನ್ನೇ, ಚೌಧುರಿ ಹೇಳಿದ್ದೂ ಅದನ್ನೇ. 2021ರಲ್ಲಿ ಸಂಸದ ಡೇವಿಡ್ ಅಮೆಸ್ ಅವರನ್ನು ಕೊಂದ ಅಲಿ ಹರ್ಬಿ ಅಲಿ ಸಿರಿಯಾ ಮೇಲಿನ ಬಾಂಬ್ ದಾಳಿಯ ಪರ ಮತವನ್ನು ಕಾರಣವಾಗಿ ಕೊಟ್ಟ. ಕೊಲೆಗಾರರ ನೆಪ ಎಂದು ತಳ್ಳಿಹಾಕಬಹುದಿತ್ತು. ಆದರೆ ಎಂಐ5ನ ಮಾಜಿ ಮುಖ್ಯಸ್ಥೆ ಎಲಿಜಾ ಮ್ಯಾನಿಂಗ್‌ಹ್ಯಾಮ್-ಬುಲರ್ ಅವರೇ 2010ರಲ್ಲಿ ಇರಾಕ್ ತನಿಖಾ ಆಯೋಗದ ಮುಂದೆ, ಆ ಯುದ್ಧ ಒಂದು ತಲೆಮಾರಿನ ಕೆಲವು ಯುವಕರನ್ನು ಉಗ್ರವಾದದ ಕಡೆ ತಳ್ಳಿತು ಎಂದರು.

ಮೂರರಲ್ಲೂ ಸತ್ಯ ಇದೆ ಎಂದು ಕೈತೊಳೆದುಕೊಳ್ಳುವುದು ಸುಲಭ. ಅದು ಸಾಲದು. ಮನುಷ್ಯನ ಒಳಗಿನ ಸಿಟ್ಟು ಸ್ಥಳೀಯವಾಗಿಯೇ ಹುಟ್ಟುತ್ತದೆ: ಮುರಿದ ಮನೆ, ಹೋದ ಕೆಲಸ, ಅವಮಾನ, ದೂರದ ಯುದ್ಧದ ಚಿತ್ರಗಳು. ಜಾಗತಿಕ ಚಳವಳಿ ಆ ಸಿಟ್ಟನ್ನು ಹುಟ್ಟಿಸುವುದು ಕಡಿಮೆ. ಅದು ಕೊಡುವುದು ಬೇರೆ. ನಿನ್ನ ಕಷ್ಟ ನಿನ್ನೊಬ್ಬನದಲ್ಲ, ದೊಡ್ಡ ಯುದ್ಧದ ಭಾಗ ಎಂಬ ಕಥೆ ಕೊಡುತ್ತದೆ. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕು ಎಂದು ಬೆರಳು ತೋರಿಸುತ್ತದೆ. ಕೊಲ್ಲುವುದು ತಪ್ಪಲ್ಲ, ಕರ್ತವ್ಯ ಎಂದು ಅಪ್ಪಣೆ ಕೊಡುತ್ತದೆ. ಮ್ಯಾಂಚೆಸ್ಟರಿನ ದಾಳಿಕೋರ ಯೋಮ್ ಕಿಪ್ಪೂರ್ ದಿನ ಸಿನಗಾಗ್ ಬಾಗಿಲಿಗೇ ಹೋದದ್ದು ಬರೀ ಹತಾಶೆಯಿಂದ ವಿವರಿಸಲಾಗದು. ಹತಾಶೆಗೆ ವಿಳಾಸ ಗೊತ್ತಿರುವುದಿಲ್ಲ, ಸಿದ್ಧಾಂತಕ್ಕೆ ಗೊತ್ತಿರುತ್ತದೆ.

ಸೌತ್‌ಪೋರ್ಟ್ ಯಾಕೆ ಬೇರೆ

ಇನ್ನು ಮೊದಲಿನ ಪ್ರಶ್ನೆ. ಬ್ರಿಟನ್ನಿನ 2000ರ ಭಯೋತ್ಪಾದನಾ ಕಾಯ್ದೆ ಎಷ್ಟು ಜನ ಸತ್ತರು ಎಂದು ಕೇಳುವುದಿಲ್ಲ, ಯಾಕೆ ಎಂದು ಕೇಳುತ್ತದೆ. ಸರ್ಕಾರವನ್ನು ಬಗ್ಗಿಸಲು ಅಥವಾ ಜನರನ್ನು ಹೆದರಿಸಲು ಮಾಡಿರಬೇಕು. ಅದರ ಹಿಂದೆ ರಾಜಕೀಯ, ಧಾರ್ಮಿಕ, ಜನಾಂಗೀಯ ಅಥವಾ ಸೈದ್ಧಾಂತಿಕ ಗುರಿ ಇರಬೇಕು. 999ಕ್ಕೆ ಬಂದ ಕರೆ ಈ ಎರಡನೆಯ ಭಾಗವನ್ನು ತಾನೇ ತುಂಬಿಕೊಟ್ಟಿತು.

ಸೌತ್‌ಪೋರ್ಟ್ ಕೊಲೆಗಾರ ಏನನ್ನೂ ಹೇಳಲಿಲ್ಲ. ಹುಟ್ಟಿದ್ದು ಕಾರ್ಡಿಫ್‌ನಲ್ಲಿ, ಹೆತ್ತವರು ರುವಾಂಡಾದಿಂದ ಬಂದವರು. ಮುಸ್ಲಿಂ ವಲಸಿಗನ ಕೃತ್ಯ ಎಂದು ಯಾರೋ ಹಬ್ಬಿಸಿದ ಸುಳ್ಳಿಗೆ ಊರೂರಲ್ಲಿ ಗಲಭೆ ಎದ್ದಿತು. ಅವನ ಕಂಪ್ಯೂಟರಿನಲ್ಲಿ ಅಲ್ ಖೈದಾ ಕೈಪಿಡಿಯ ಜೊತೆಗೆ ಬೇರೆ ಬೇರೆ ಯುದ್ಧ, ನರಮೇಧಗಳ ಬಗ್ಗೆ ರಾಶಿ ವಸ್ತು ಇತ್ತು. ಆ ಕೈಪಿಡಿ ಇಟ್ಟುಕೊಂಡಿದ್ದಕ್ಕೆ ಭಯೋತ್ಪಾದನಾ ಕಾಯ್ದೆಯಡಿ ಶಿಕ್ಷೆಯೂ ಆಯಿತು. ಆದರೆ ಅವನಿಗೆ ಬೇಕಾಗಿದ್ದು ಅಲ್ ಖೈದಾದ ಗುರಿಯಲ್ಲ, ಕೊಲ್ಲುವುದೇ ಗುರಿ. 2025ರ ಜನವರಿಯಲ್ಲಿ ಕನಿಷ್ಠ 52 ವರ್ಷದ ಜೀವಾವಧಿ ಶಿಕ್ಷೆ ಕೊಟ್ಟ ನ್ಯಾಯಾಧೀಶರು, ಕಾನೂನಿನ ಹೆಸರು ಏನೇ ಇರಲಿ, ಅಪರಾಧದ ಭೀಕರತೆ ಭಯೋತ್ಪಾದನೆಗೆ ಸಮ ಎಂಬ ಮಾತನ್ನೂ ಸೇರಿಸಿದರು.

ಜಾಗತಿಕ ಉಗ್ರವಾದದ ಪ್ರಭಾವ ಇಲ್ಲಿ ಇನ್ನೂ ಒಂದು ಹೆಜ್ಜೆ ಆಚೆ ಹೋಗಿದೆ. ಕಥೆ ಬೇಡ, ನಂಬಿಕೆ ಬೇಡ, ವಿಧಾನ ಮಾತ್ರ ಎತ್ತಿಕೊಂಡರೂ ಆಯಿತು ಎಂಬ ಸ್ಥಿತಿ.

ವ್ಯವಸ್ಥೆ ಎಡವಿದ್ದೂ ಇಲ್ಲೇ. ಉಗ್ರವಾದದತ್ತ ಜಾರುವವರನ್ನು ಮೊದಲೇ ಗುರುತಿಸುವ ಪ್ರಿವೆಂಟ್ ಎಂಬ ಕಾರ್ಯಕ್ರಮ ಬ್ರಿಟನ್ನಿನಲ್ಲಿದೆ. 2015ರಿಂದ ಶಾಲೆ, ಆಸ್ಪತ್ರೆಗಳಿಗೆ ಇದು ಕಾನೂನಿನ ಜವಾಬ್ದಾರಿ. ಈ ಹುಡುಗನ ಹೆಸರು ಅಲ್ಲಿಗೆ ಮೂರು ಸಲ ಹೋಗಿತ್ತು. ಸ್ಪಷ್ಟ ಸಿದ್ಧಾಂತ ಕಾಣುತ್ತಿಲ್ಲ ಎಂದು ಮೂರು ಸಲವೂ ಕಡತ ಮುಚ್ಚಿದರು. ಅಮೆಸ್ ಕೊಲೆಗಾರನದು ಉಲ್ಟಾ. ಅವನಲ್ಲಿ ಸಿದ್ಧಾಂತ ಇತ್ತು, 2014ರಲ್ಲೇ ಹೆಸರು ಬಂದಿತ್ತು. ಒಂದೇ ಭೇಟಿಯಲ್ಲಿ ಮುಗಿಸಿ ಬಿಟ್ಟರು. ಏಳು ವರ್ಷ ಸುಮ್ಮನಿದ್ದು ದಾಳಿ ಮಾಡಿದ.

ಮುಂದೆ ಏನಾಗಬಹುದು

ದಾಳಿಕೋರರ ವಯಸ್ಸು ಇಳಿಯುತ್ತಿದೆ. ಎಂಐ5 ತನಿಖೆ ಮಾಡುತ್ತಿರುವ ಉಗ್ರವಾದ ಪ್ರಕರಣಗಳಲ್ಲಿ 13% ಮಂದಿ 18 ತುಂಬದವರು ಎಂದು ಮೆಕ್ಯಾಲಮ್ 2024ರಲ್ಲಿ ಹೇಳಿದರು. ಕಾರ್ನ್‌ವಾಲ್‌ನ ಒಬ್ಬ ಹುಡುಗ ಅಜ್ಜಿಯ ಮನೆಯಲ್ಲಿ ಕೂತು ಎಸ್ಟೋನಿಯಾ ಮೂಲದ ನವನಾಜಿ ಗುಂಪೊಂದರ ಬ್ರಿಟನ್ ಘಟಕ ನಡೆಸುತ್ತಿದ್ದ. ಮೊದಲ ಅಪರಾಧ ಮಾಡಿದಾಗ ವಯಸ್ಸು 13. 2021ರಲ್ಲಿ ಕೋರ್ಟ್ ಅವನನ್ನು ಜೈಲಿಗೆ ಹಾಕದೆ ಎರಡು ವರ್ಷದ ಸುಧಾರಣಾ ಆದೇಶ ಕೊಟ್ಟಿತು.

ಪ್ರಿವೆಂಟ್ ಮೇಲಿನ ಹೊರೆ ಏರುತ್ತಲೇ ಇದೆ. 2024ರ ಮಾರ್ಚ್‌ಗೆ ಮುಗಿದ ವರ್ಷ 6,922 ಹೆಸರು ಬಂದಿದ್ದವು. ವಯಸ್ಸು ಗೊತ್ತಿದ್ದವರಲ್ಲಿ 40% ಮಂದಿ 11ರಿಂದ 15 ವರ್ಷದವರು. ಒಟ್ಟು ಪ್ರಕರಣಗಳಲ್ಲಿ 36%ರಷ್ಟರಲ್ಲಿ ಯಾವ ಸಿದ್ಧಾಂತವೂ ಕಾಣಲಿಲ್ಲ. ಸೌತ್‌ಪೋರ್ಟ್ ನಂತರದ ವರ್ಷ ಸಂಖ್ಯೆ 8,778ಕ್ಕೆ ಹಾರಿತು. ಯಾವ ಶಿಕ್ಷಕರೂ ತಾವು ಹೇಳದೆ ಬಿಟ್ಟ ಹುಡುಗ ನಾಳೆ ಸುದ್ದಿಯಾಗುವುದನ್ನು ಬಯಸುವುದಿಲ್ಲ, ಹಾಗಾಗಿ ಸಂಶಯ ಬಂದರೆ ಹೆಸರು ಕಳಿಸುತ್ತಾರೆ. ರಾಶಿ ದೊಡ್ಡದಾದಷ್ಟೂ ನಿಜವಾದ ಅಪಾಯ ಅದರೊಳಗೆ ಹೂತುಹೋಗುತ್ತದೆ. ಜೊತೆಗೆ ಮುಸ್ಲಿಂ ಸಂಘಟನೆಗಳ ಹಳೆಯ ದೂರೊಂದಿದೆ: ಶಿಕ್ಷಕರು ಪೊಲೀಸರಾದರೆ ಮಕ್ಕಳು ತರಗತಿಯಲ್ಲಿ ಬಾಯಿ ಬಿಡುವುದೇ ಇಲ್ಲ. ಬಾಯಿ ಬಿಡದ ಹುಡುಗ ಎಲ್ಲಿ ಮಾತಾಡುತ್ತಾನೆ? ಫೋನಿನಲ್ಲಿ, ಅಲ್ವಾ?

ಕಾನೂನಿನ ಕಡೆ ಎರಡು ದಾರಿಗಳಿದ್ದವು. ಭಯೋತ್ಪಾದನೆಯ ವ್ಯಾಖ್ಯೆಯನ್ನೇ ಹಿಗ್ಗಿಸಿ, ಸಿದ್ಧಾಂತ ಇಲ್ಲದ ಸಾಮೂಹಿಕ ಕೊಲೆಯನ್ನೂ ಸೇರಿಸುವುದು ಒಂದು. 2025ರ ಜನವರಿಯಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಆ ಧಾಟಿಯಲ್ಲೇ ಮಾತಾಡಿದ್ದರು. ಆದರೆ ಕಾನೂನಿನ ಸ್ವತಂತ್ರ ಪರಿಶೀಲಕ ಜೊನಾಥನ್ ಹಾಲ್ ಮಾರ್ಚ್‌ನಲ್ಲಿ ಕೊಟ್ಟ ವರದಿ ಬೇಡ ಎಂದಿತು. ವ್ಯಾಖ್ಯೆ ಹಿಗ್ಗಿದರೆ ಉಗ್ರರೇ ಅಲ್ಲದವರೂ ಉಗ್ರವಾದದ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂಬುದು ಅವರ ಆತಂಕ. ಬದಲಿಗೆ, ಒಬ್ಬನೇ ಕೂತು ಸಾಮೂಹಿಕ ಹತ್ಯೆಗೆ ತಯಾರಿ ನಡೆಸುವುದನ್ನೇ ಪ್ರತ್ಯೇಕ ಅಪರಾಧ ಮಾಡಿ ಎಂದರು. ಈಗಿನ ಕಾನೂನಿನಲ್ಲಿ ಇಬ್ಬರು ಸೇರಿ ಯೋಜಿಸಿದರೆ ಒಳಸಂಚು. ಒಬ್ಬನೇ ಆದರೆ, ಸಿದ್ಧಾಂತವೂ ಇಲ್ಲದಿದ್ದರೆ, ಕೈಗೆ ಆಯುಧ ಎತ್ತಿಕೊಳ್ಳುವವರೆಗೆ ಹಿಡಿಯಲು ಗಟ್ಟಿ ಕಲಮೇ ಇಲ್ಲ. ಸರ್ಕಾರ ಈ ಎರಡನೆಯ ದಾರಿಯತ್ತಲೇ ಒಲವು ತೋರಿದೆ.

ಅದು ಜಾರಿಗೆ ಬಂದರೆ ಕೋರ್ಟಿನ ಮುಂದೆ ಬರುವ ಸಾಕ್ಷ್ಯ ಬಹುಪಾಲು ಫೋನು, ಟಿಪ್ಪಣಿ, ಹುಡುಕಾಟದ ಇತಿಹಾಸ. ಆರೋಪಿಗಳಲ್ಲಿ ಶಾಲಾ ಮಕ್ಕಳೂ ಇರುತ್ತಾರೆ. ಕೊಲೆಯ ಬಗ್ಗೆ ಕಲ್ಪನೆ ಬರೆದುಕೊಂಡವನು ಯಾರು, ನಿಜಕ್ಕೂ ಹೊರಟವನು ಯಾರು ಎಂದು ನ್ಯಾಯಾಧೀಶರು ಅದರಿಂದಲೇ ಬೇರ್ಪಡಿಸಬೇಕಾಗುತ್ತದೆ.